ಸ್ವಿಚ್ಚಿನ ಪಕ್ಕದ ನೀಲಾವತಿ ಮೇಡಂ

ನಮ್ಮ ಐಟಿಐಯಲ್ಲಿ ಹೆದರಿಕೆ ಇಲ್ಲದವರು ಬೇಕಾದಷ್ಟು ಜನ ಇದ್ದಾರೆ. ಕರೆಂಟಿನ ವಯರನ್ನು ಹಲ್ಲಿನಲ್ಲಿ ಕಚ್ಚಿ ಸುಲಿಯುವವರು, ಗ್ರೈಂಡಿಂಗ್ ಮೆಷಿನಿನ ಎದುರು ಕನ್ನಡಕ ಹಾಕದೆ ಕಣ್ಣು ಕಿರಿದು ಮಾಡಿ ನಿಲ್ಲುವವರು, ಹೆಲ್ಮೆಟ್ಟನ್ನು ಬೈಕಿನ ಕನ್ನಡಿಗೆ ಸಿಕ್ಕಿಸಿ ಪುತ್ತೂರು ಪೇಟೆಯೆಲ್ಲ ಸುತ್ತುವವರು. ಅವರ ಬಗ್ಗೆ ಬರೆಯಲು ನನಗೆ ಮನಸ್ಸಿಲ್ಲ. ನಾನು ಬರೆಯುತ್ತಿರುವುದು ಹೆದರುವ ಒಬ್ಬರ ಬಗ್ಗೆ. ಫಿಟ್ಟರ್ ವಿಭಾಗದ ನೀಲಾವತಿ ಮೇಡಂ ಬಗ್ಗೆ.

ಅವರು ಅದೇ ವಿಭಾಗದಲ್ಲಿ ಮೆಷಿನು ಕಲಿಸುವವರು, ನಾನು ಲೆಕ್ಕ ಕಲಿಸುವವನು. ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರದು ಎದುರು ಬದುರು ಕುರ್ಚಿ. ಅವರ ಹೆದರಿಕೆಯನ್ನು ಆಡಿಕೊಂಡು ನಕ್ಕವರಲ್ಲಿ ನಾನೂ ಒಬ್ಬ. ಕ್ಲಾಸಿನಿಂದ ಹೊರಟವರು ಮೆಷಿನಿನ ಸ್ವಿಚ್ಚು ಆಫ್ ಆಗಿದೆಯೋ ಎಂದು ಮತ್ತೆ ಹೋಗಿ ನೋಡುವರು. ಬಂದು ಚಾ ಕುಡಿಯುವರು. ಮತ್ತೆ ಹೋಗುವರು. "ಎಂತ ಮೇಡಂ, ಅದು ರಾತ್ರಿ ಎದ್ದು ತಾನೇ ತಿರುಗ್ತದಾ?" ಎಂದರೆ "ನಗಾಡಿ ನಗಾಡಿ, ನಿಮ್ಮ ಲೆಕ್ಕಕ್ಕೆ ಬೆರಳು ಸಿಕ್ಕಿಕೊಳ್ಳುದಿಲ್ಲ" ಎನ್ನುವರು.

ಅವರ ತವರು ಆಲೆಟ್ಟಿ. ಮನೆಯಲ್ಲಿ ಅರೆಭಾಷೆ, ಪೇಟೆಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ. ತಂದೆ ಬೆಳ್ಯಪ್ಪ ಗೌಡರು ರಬ್ಬರ್ ಹಾಲು ಗಟ್ಟಿಯಾದದ್ದನ್ನು ಎರಡು ರೋಲರಿನ ನಡುವೆ ಹಾಯಿಸಿ ಶೀಟು ಮಾಡುತ್ತಿದ್ದರು. ಮೊದಲು ಕೈಯಲ್ಲಿ ತಿರುಗಿಸುವ ರೋಲರಿತ್ತು. ರಟ್ಟೆ ನೋಯುತ್ತದೆಂದು ಅದಕ್ಕೊಂದು ಹಳೆಯ ಮೋಟಾರು ಜೋಡಿಸಿದರು. ಮೋಟಾರಿನ ಸ್ವಿಚ್ಚು ಮಾತ್ರ ಅಂಗಳದಾಚೆ ಪಂಪ್ ಶೆಡ್ಡಿನಲ್ಲಿತ್ತು. ಶೀಟಿನ ಜೊತೆ ತಂದೆಯ ಬೆರಳು ಒಳಗೆ ಹೋದ ದಿನ, ಆಗಿನ್ನೂ ಸಣ್ಣ ಹುಡುಗಿಯಾಗಿದ್ದ ನೀಲಾವತಿ ಶೀಟು ಬೀಳುವಲ್ಲಿ ಕೆಳಗೆ ತಟ್ಟೆ ಹಿಡಿದು ಕೂತಿದ್ದರು. ತಾಯಿ ಪಂಪ್ ಶೆಡ್ಡಿಗೆ ಓಡಿದರು. ಆ ಓಟ ಮುಗಿಯುವಷ್ಟರಲ್ಲಿ ಎರಡು ಬೆರಳು ಹೋಗಿಯಾಗಿತ್ತು.

"ಎಲ್ಲರೂ ಐಟಿಐಗೆ ಹೋಗುದು ಮೆಷಿನು ಓಡಿಸಲಿಕ್ಕೆ ಕಲಿಯಲು. ನಾನು ಹೋದದ್ದು ನಿಲ್ಲಿಸಲಿಕ್ಕೆ ಕಲಿಯಲು" ಎಂದು ಒಮ್ಮೆ ನನ್ನಲ್ಲಿ ಹೇಳಿದ್ದರು. ಆಗಲೂ ನಾನು ನಕ್ಕಿದ್ದೆ.

ಹೀಗಿರುವಾಗ ಹೊಸ ಆದೇಶ ಬಂತು. ಮಕ್ಕಳು ಕೋರ್ಸಿನ ಒಂದು ಭಾಗವನ್ನು ಹೊರಗಿನ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿಯೇ ಕಲಿಯಬೇಕು, ಶಿಕ್ಷಕರು ಜೊತೆಗಿದ್ದು ಅವರನ್ನು ಕಾಯಬೇಕು. ಕಾಯುವುದು ಹೇಗೆ ಎಂದು ನಮಗೇ ಪುತ್ತೂರಿನ ಒಂದು ಸಭಾಭವನದಲ್ಲಿ ತರಬೇತಿ. ಸರಕಾರದ ತರಬೇತಿ ಎಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಊಟ ಚೆನ್ನಾಗಿದ್ದರೆ ಸಾಕು ಎಂದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.

ಮಂಗಳೂರಿನಿಂದ ಯತಿನ್ ಎಂಬ ಯುವಕ ಬಂದಿದ್ದ. ಹೆಚ್ಚು ಮಾತಾಡಲಿಲ್ಲ. ಚೀಲದಿಂದ ಒಂದು ನೇಂದ್ರ ಬಾಳೆಹಣ್ಣು ತೆಗೆದ. ಅದಕ್ಕೆ ದೇವಸ್ಥಾನದಲ್ಲಿ ಕೈಗೆ ಕಟ್ಟುವಂಥ ಕೆಂಪು ನೂಲು ಕಟ್ಟಿದ. ಡ್ರಿಲ್ಲಿಂಗ್ ಮೆಷಿನು ಚಾಲು ಮಾಡಿ, ಇಕ್ಕುಳದಲ್ಲಿ ಹಣ್ಣನ್ನು ಹಿಡಿದು ಹತ್ತಿರ ತಂದ. ನೂಲಿನ ತುದಿ ತಾಗಿತೋ ಇಲ್ಲವೋ, ಹಣ್ಣು ಇಕ್ಕುಳದಿಂದ ಕಿತ್ತುಹೋಯಿತು. ಎದುರು ಸಾಲಿನಲ್ಲಿದ್ದ ಕಡಬದ ಸರ್ ಒಬ್ಬರ ಅಂಗಿಯ ಮೇಲೆ ಅದರ ತಿರುಳು ಬಿತ್ತು. ಇಡೀ ಸಭೆಯೇ ನಕ್ಕಿತು.

"ಇದು ಕೈ" ಎಂದ ಯತಿನ್. ನಗು ನಿಂತಿತು. "ಮೆಷಿನಿನ ಹತ್ತಿರ ಬರುವ ಯಾರ ಕೈಯಲ್ಲೂ ಉಂಗುರ, ವಾಚು, ಬಳೆ, ನೂಲು ಇರಬಾರದು. ಮತ್ತೆ ನೀವು ನಿಲ್ಲುದು ಸ್ವಿಚ್ಚು ಕೈಗೆ ಸಿಗುವಲ್ಲಿ. ಬೇರೆ ಎಲ್ಲಿ ನಿಂತರೂ ನೀವು ಬರೀ ನೋಡುವವರು, ಕಾಯುವವರಲ್ಲ."

ಅಲ್ಲಿದ್ದ ಅರ್ಧಕ್ಕರ್ಧ ಜನರ ಕೈಯಲ್ಲಿ ನೂಲಿತ್ತು. ಒಬ್ಬೊಬ್ಬರೇ ಮೆಲ್ಲ ಕೈಯನ್ನು ಮೇಜಿನ ಕೆಳಗೆ ಇಳಿಸಿದರು. ವೆಲ್ಡಿಂಗ್ ವಿಭಾಗದ ಹಕೀಮ್ ಸರ್ ವಾಚು ಬಿಚ್ಚಿ ಕಿಸೆಗೆ ಹಾಕಿದರು. ನೀಲಾವತಿ ಮೇಡಂ ಅವತ್ತು ಮಧ್ಯಾಹ್ನ ಊಟ ಮಾಡಲಿಲ್ಲ.

ನಮ್ಮ ಕಡೆ ನೂಲು ಎಂದರೆ ಬರೀ ನೂಲಲ್ಲ. ಮಗು ಬೆಚ್ಚಿಬಿದ್ದರೆ, ಜ್ವರ ಇಳಿಯದಿದ್ದರೆ, ಮಂತ್ರಿಸಿ ಕೈಗೆ ಕಟ್ಟಿಸುತ್ತಾರೆ. ಅದನ್ನು ಕತ್ತರಿಸುವ ಹಾಗಿಲ್ಲ, ಸವೆದು ತಾನಾಗಿ ಬೀಳಬೇಕು. ಕತ್ತರಿಸಿದರೆ ಕಾಯುವವರನ್ನು ನಾವೇ ಮನೆಯಿಂದ ಹೊರಗೆ ಹಾಕಿದಂತೆ. ಇದನ್ನು ನಂಬುವವರಲ್ಲಿ ನೀಲಾವತಿ ಮೇಡಂ ಮೊದಲಿಗರು. ಅವರ ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ನಮಗೆ ಸಿಕ್ಕಿದ್ದು ಕಬಕದ ಒಂದು ಲೇತ್ ವರ್ಕ್‌ಶಾಪ್. ಅಡಿಕೆ ಸುಲಿಯುವ ಯಂತ್ರಕ್ಕೆ ಬೇಕಾದ ಕಬ್ಬಿಣದ ಸರಳುಗಳನ್ನು ತಿರುಗಿಸಿ ನಯ ಮಾಡುವ ಜಾಗ. ಮಾಲೀಕರು ಗೌರೀಶಂಕರಣ್ಣ. ಲೆಕ್ಕದ ಮೇಷ್ಟ್ರಿಗೆ ಬೇರೆ ಕೆಲಸವಿಲ್ಲವೆಂದು ನನ್ನನ್ನೂ ಜೊತೆಗೆ ಕಳುಹಿಸಿದರು. ಹೋದ ಮೊದಲ ದಿನ ಮೇಡಂ ಹುಡುಕಿದ್ದು ಲೇತಿನ ಸ್ವಿಚ್ಚನ್ನು. ಚಾಲು ಮಾಡುವ ಹಿಡಿಕೆ ಮೆಷಿನಿನಲ್ಲೇ ಇತ್ತು, ಕರೆಂಟು ತೆಗೆಯುವ ಸ್ವಿಚ್ಚು ಮಾತ್ರ ಕಾಣಲೇ ಇಲ್ಲ. ಆಯುಧಪೂಜೆಯಂದು ಹಾಕಿದ ಸೇವಂತಿಗೆಯ ಮಾಲೆ ಒಣಗಿ ಅದರ ಮೇಲೆಯೇ ನೇತಾಡುತ್ತಿತ್ತು.

"ಇದನ್ನು ತೆಗೀಬೇಕಲ್ಲ ಅಣ್ಣ."

"ಮುಂದಿನ ಪೂಜೆಗೆ ತೆಗೆಯುದು ಮೇಡಂ. ಹಾಗೆಲ್ಲ ನಡುವೆ ತೆಗೆಯುವ ಕ್ರಮ ಇಲ್ಲ ನಮ್ಮಲ್ಲಿ."

ಮೇಡಂ ಹತ್ತು ಸಲ ಕೇಳಿದ ಮೇಲೆ ಅವರು ಗೊಣಗುತ್ತಾ ಮಾಲೆಯನ್ನು ದೇವರ ಫೋಟೋಗೆ ಹಾಕಿದರು. ಮೇಡಂ ಸ್ವಿಚ್ಚಿನ ಪಕ್ಕ ನಿಂತರು. ಸಂಜೆಯವರೆಗೆ ಕೂರಲಿಲ್ಲ. ಸುಮ್ಮಸುಮ್ಮನೆ ಆಗಾಗ ಲೇತ್ ನಿಲ್ಲಿಸಿಬಿಡುತ್ತಿದ್ದರು. "ಇವರು ಮಕ್ಕಳನ್ನು ಕಲಿಸಲಿಕ್ಕೆ ತಂದದ್ದಾ, ಕರೆಂಟು ಉಳಿಸಲಿಕ್ಕೆ ಬಂದದ್ದಾ ಮಾರಾಯ್ರೆ?" ಎಂದು ಗೌರೀಶಂಕರಣ್ಣ ನನ್ನ ಕಿವಿಯಲ್ಲಿ ಕೇಳಿದರು.

ಮಕ್ಕಳೆಲ್ಲ ಹೇಗೋ ಕೈ ಖಾಲಿ ಮಾಡಿಕೊಂಡಿದ್ದರು. ಭವಿತ್ ಎಂಬ ಹುಡುಗ ಮಾತ್ರ ಮುಖ ಗಂಟು ಹಾಕಿಕೊಂಡೇ ಕೈಯ ಕಡಗ ತೆಗೆದ. ಆದರೆ ತೃಷಾ ಒಪ್ಪಲಿಲ್ಲ. ಕೆದಂಬಾಡಿಯ ಹುಡುಗಿ. ಅಪ್ಪ ಅಮ್ಮ ಇಲ್ಲ, ಸಾಕಿದ್ದು ಅಜ್ಜಿ ಸೀತು. ಹಿಂದಿನ ಮಳೆಗಾಲದಲ್ಲಿ ಡೆಂಗ್ಯೂ ಬಂದು ಆಸ್ಪತ್ರೆಯವರೇ ಕೈ ಚೆಲ್ಲಿ ಕೂತಾಗ ಅಜ್ಜಿ ಎಲ್ಲಿಂದಲೋ ನೂಲು ತಂದು ಕಟ್ಟಿದ್ದರಂತೆ. ಮರುದಿನ ಜ್ವರ ಇಳಿಯಿತಂತೆ.

"ಬೇಕಾದರೆ ಕೋರ್ಸು ಬಿಡ್ತೇನೆ ಮೇಡಂ. ಇದನ್ನು ತೆಗೆದರೆ ಅಜ್ಜಿ ಊಟ ಬಿಡ್ತಾರೆ" ಎಂದಳು ಹುಡುಗಿ.

ಮೇಡಂ ಗಟ್ಟಿಯಾಗಿ ಹೇಳಬಹುದಿತ್ತು. ಹೇಳಲಿಲ್ಲ. ತೆಗೆಸಿದ ಮೇಲೆ ಹುಡುಗಿಗೆ ಏನಾದರೂ ಆದರೆ? ಮತ್ತೆ ಜ್ವರ ಬಂದರೆ? ನೂಲು ಕತ್ತರಿಸಿದ ಟೀಚರ್ ಎಂದು ಊರೆಲ್ಲ ಮೊಬೈಲಿನಲ್ಲಿ ಸುತ್ತಿದರೆ? ಅವರು ಒಂದು ಮಧ್ಯದ ದಾರಿ ಹುಡುಕಿದರು. ವಯರಿಗೆ ಸುತ್ತುವ ಕಪ್ಪು ಟೇಪನ್ನು ನೂಲಿನ ಮೇಲೆ ಬಿಗಿಯಾಗಿ ಸುತ್ತಿದರು. ದೇವರೂ ಉಳಿದ, ನಿಯಮವೂ ಉಳಿಯಿತು ಎಂದು ನಾನೇ ತಮಾಷೆ ಮಾಡಿದೆ. ಆ ಮಾತು ನೆನೆದರೆ ಈಗಲೂ ನನ್ನ ನಾಲಿಗೆಯ ಮೇಲೆ ನನಗೇ ಸಿಟ್ಟು ಬರುತ್ತದೆ.

ಕಬ್ಬಿಣದ ಕೆಲಸದಲ್ಲಿ ಕೈಗೆ ಎಣ್ಣೆ ಆಗದೆ ಇರುವುದಿಲ್ಲ. ಎಣ್ಣೆ ತಾಗಿದರೆ ಟೇಪು ಬಿಡುತ್ತದೆ. ಇದು ಮೇಡಂಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೆ ಗೊತ್ತಿರುವುದೆಲ್ಲ ಬೇಕಾದ ಹೊತ್ತಿಗೆ ನೆನಪಾಗಬೇಕಲ್ಲ.

ಒಂದು ದಿನ ತೃಷಾ ತಿರುಗುವ ಸರಳಿಗೆ ಪಾಲಿಶ್ ಕಾಗದ ಹಿಡಿದಿದ್ದಳು. ನಾನು ಬಾಗಿಲ ಬಳಿ ನಿಂತು ಫೋನು ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಮೇಡಂ ಕಿರುಚಿದ್ದು ಕೇಳಿತು. ತಲೆ ಎತ್ತುವಾಗ ಅವರ ಕೈ ಸ್ವಿಚ್ಚಿನ ಮೇಲಿತ್ತು. ಲೇತಿಗೆ ಕರೆಂಟು ನಿಂತಿತ್ತು. ಆದರೆ ಲೇತ್ ಎನ್ನುವುದು ಫ್ಯಾನಿನ ಹಾಗೆ, ಆಫ್ ಮಾಡಿದರೂ ಸ್ವಲ್ಪ ಹೊತ್ತು ತಿರುಗುತ್ತದೆ. ಟೇಪಿನಿಂದ ಹೊರಬಂದ ನೂಲಿನ ತುದಿ ಸರಳಿಗೆ ಸುತ್ತಿಕೊಂಡಿತ್ತು. ಅದು ಹುಡುಗಿಯ ಕೈಯನ್ನು ಎಳೆಯುತ್ತಿತ್ತು. ಹುಡುಗಿಯ ಬಾಯಿ ತೆರೆದೇ ಇತ್ತು. ನಾವೆಲ್ಲ ಸರಳನ್ನು ಕಚ್ಚಿಹಿಡಿದ ಆ ಚಕ್ರ ನಿಲ್ಲುವುದನ್ನೇ ನೋಡುತ್ತಾ ನಿಂತೆವು. ಬೇರೆ ಏನೂ ಮಾಡುವ ಹಾಗಿರಲಿಲ್ಲ. ನಾನು ನನ್ನ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ.

ನಿಂತಿತು. ಹೆಬ್ಬೆರಳು ಕಬ್ಬಿಣಕ್ಕೆ ತಾಗಿಯೇ ಇತ್ತು. ನೂಲು ಮಣಿಕಟ್ಟಿನ ಚರ್ಮವನ್ನು ಕೊಯ್ದು ರಕ್ತ ಇಳಿಯುತ್ತಿತ್ತು.

ಗೌರೀಶಂಕರಣ್ಣ ಓಡಿ ಹೋಗಿ ಕತ್ತರಿ ತಂದು ಮೇಡಂ ಕೈಗೆ ಕೊಟ್ಟರು. ಮೇಡಂ ಕತ್ತರಿಯನ್ನು ನೂಲಿನ ಹತ್ತಿರ ಹಿಡಿದರು. ಕತ್ತರಿಸಲಿಲ್ಲ. ಅಂಥ ಹೊತ್ತಿನಲ್ಲೂ ಅವರಿಂದ ಆಗಲಿಲ್ಲ. ಕತ್ತರಿ ಕೆಳಗಿಟ್ಟು, ಎರಡೂ ಕೈಯಲ್ಲಿ ಚಕ್ರವನ್ನು ಹಿಂದಕ್ಕೆ ತಿರುಗಿಸಿ ಸುತ್ತು ಬಿಡಿಸಿದರು.

ಗಾಯಕ್ಕೆ ಡಾಕ್ಟರ ಹತ್ತಿರ ಪಟ್ಟಿ ಕಟ್ಟಿಸಿದ ಮೇಲೆ ಹುಡುಗಿಯನ್ನು ಕೆದಂಬಾಡಿಯ ಆಟೋ ಹತ್ತಿಸಿದರು. ತಾವು ಸ್ಕೂಟರ್ ತೆಗೆದರು. "ಸರ್, ನೀವೂ ಬನ್ನಿ. ಒಬ್ಬಳೇ ಹೋಗ್ಲಿಕ್ಕೆ ನನಗೆ ಧೈರ್ಯ ಇಲ್ಲ." ನಾನು ಹಿಂದೆ ಕೂತೆ.

"ಬಲೆ, ಕುಲ್ಲುಲೆ" ಎಂದು ಅಜ್ಜಿ ತುಳುವಿನಲ್ಲಿ ನಮ್ಮನ್ನು ಒಳಗೆ ಕರೆದು ಕೂರಿಸಿದರು. ಮೊಮ್ಮಗಳ ಕೈಯ ಪಟ್ಟಿಯನ್ನು ಹಿಡಿದು ನೋಡಿದರು. ಮೇಡಂ ಏನನ್ನೂ ಮುಚ್ಚಿಡಲಿಲ್ಲ. ಟೇಪು ಸುತ್ತಿದ್ದು, ಅದು ಬಿಟ್ಟದ್ದು, ಚಕ್ರ ಎಳೆದದ್ದು ಎಲ್ಲವನ್ನೂ ತುಳುವಿನಲ್ಲಿ ಹೇಳಿದರು. ತಪ್ಪು ತನ್ನದು ಎಂದರು. ನೂಲು ತೆಗೆಯದೆ ಇವಳನ್ನು ಇನ್ನು ಮೆಷಿನಿನ ಹತ್ತಿರ ಬಿಡಲಾರೆ, ತೆಗೆಯಿರಿ ಎನ್ನಲೂ ನನಗೆ ಹೆದರಿಕೆ ಎಂದು ಅತ್ತರು. ಸರಕಾರಿ ನೌಕರಿಯಲ್ಲಿರುವ ಹೆಂಗಸೊಬ್ಬರು ಹಾಗೆ ಅಳುವುದನ್ನು ಆ ಅಜ್ಜಿ ನೋಡಿರಲಿಕ್ಕಿಲ್ಲ.

"ಇದನ್ನು ತೆಗೆದ ಮೇಲೆ ಅವಳನ್ನು ನೋಡಿಕೊಳ್ಳುವವರು ಯಾರು?" ಎಂದು ಕೇಳಿದರು ಅಜ್ಜಿ.

"ನಾನು" ಎಂದರು ಮೇಡಂ. ಯೋಚಿಸಿ ಹೇಳಿದ್ದಲ್ಲ. ಬಾಯಿಂದ ಬಂದುಬಿಟ್ಟಿತು.

ಅಜ್ಜಿ ಒಳಗೆ ಹೋಗಿ ದೀಪ ಹಚ್ಚಿ ಬಂದರು. ಮೊಮ್ಮಗಳ ಕೈಯಲ್ಲಿ ಪಟ್ಟಿಯ ಮೇಲೆಯೇ ಉಳಿದಿದ್ದ ನೂಲಿನ ಗಂಟನ್ನು ಉಗುರಿನಲ್ಲಿ ಎಳೆದೆಳೆದು ಬಿಚ್ಚಿದರು. ಇಷ್ಟು ಸುಲಭದಲ್ಲಿ ಮುಗಿಯಿತಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅವರು ಮೇಡಂ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ರಕ್ತದ ಕಲೆಯಿದ್ದ ಆ ನೂಲನ್ನೇ ಅವರ ಮಣಿಕಟ್ಟಿಗೆ ಕಟ್ಟಿದರು.

"ಹೇಳಿದ್ದು ನೀವೇ. ನನಗೆ ಇವಳೊಬ್ಬಳೇ ಇರುವುದು. ಇನ್ನು ನಿಮ್ಮ ಕೈಯಲ್ಲಿ."

ಹಿಂದಿರುಗುವ ದಾರಿಯಲ್ಲಿ ಕುಂಬ್ರ ದಾಟುವಾಗ ಮೇಡಂ ಸ್ಕೂಟರನ್ನು ಬದಿಗೆ ನಿಲ್ಲಿಸಿದರು. "ಸರ್, ಅವರು ಬೈದಿದ್ದರೆ ಒಳ್ಳೇದಿತ್ತು" ಎಂದರು. ನನ್ನ ತಮಾಷೆಗಳೆಲ್ಲ ಅವತ್ತಿಗೆ ಮುಗಿದಿದ್ದವು.

ಗಾಯ ಒಣಗಿದ ಮೇಲೆ ತೃಷಾ ಮತ್ತೆ ಕಬಕಕ್ಕೆ ಬಂದಳು. ಬಾಗಿಲಲ್ಲಿ ಮಕ್ಕಳೆಲ್ಲ ಸಾಲಾಗಿ ನಿಂತು ಎರಡೂ ಕೈ ಮುಂದೆ ಚಾಚಿದರು. ಮೇಡಂ ಒಂದೊಂದು ಮಣಿಕಟ್ಟನ್ನೂ ಮುಟ್ಟಿ ನೋಡಿದರು. ಎಲ್ಲರದ್ದೂ ಖಾಲಿ. ಒಳಗೆ ಹೆಜ್ಜೆ ಇಡಬೇಕು, ಅಷ್ಟರಲ್ಲಿ ತೃಷಾ ಸಣ್ಣ ಸ್ವರದಲ್ಲಿ ಕೇಳಿದಳು.

"ಮೇಡಂ, ನಿಮ್ಮ ಕೈಯಲ್ಲಿ ಉಂಟಲ್ಲ?"

ಮೇಡಂ ತಮ್ಮ ಕೈಯನ್ನು ನೋಡಿಕೊಂಡರು. ಗೌರೀಶಂಕರಣ್ಣನಿಗೆ ಪಾಪ ಎನ್ನಿಸಿರಬೇಕು. "ನೀವು ಮೆಷಿನು ಮುಟ್ಟುದಿಲ್ಲವಲ್ಲ ಮೇಡಂ. ಅಲ್ಲಿ ಬಾಗಿಲ ಹತ್ತಿರ ಕುರ್ಚಿ ಹಾಕಿ ಕೂತ್ಕೊಳ್ಳಿ, ನಾನಿದ್ದೇನೆ" ಎಂದರು. ಬಾಗಿಲಿನಿಂದ ಸ್ವಿಚ್ಚಿಗೆ ಎಷ್ಟು ದೂರ ಎಂದು ನಾನೂ ನೋಡಿದೆ, ಮೇಡಂ ಕೂಡ ನೋಡಿದರು. ನೂಲು ಇಟ್ಟುಕೊಂಡರೆ ಸ್ವಿಚ್ಚಿನ ಬಳಿ ಹೋಗುವ ಹಾಗಿಲ್ಲ. ಹೋಗದಿದ್ದರೆ ಅಜ್ಜಿಗೆ ಕೊಟ್ಟ ಮಾತು ಮಾತಲ್ಲ.

ಗಂಟು ಬಿಚ್ಚಲು ನೋಡಿದರು. ಒಂದೇ ಕೈಯಲ್ಲಿ ಬಿಚ್ಚಲಾಗಲಿಲ್ಲ. ಮೇಜಿನ ಮೇಲಿದ್ದ ಕತ್ತರಿಯನ್ನು ಎತ್ತಿ ತೃಷಾಳ ಕೈಗೆ ಕೊಟ್ಟು, ಮಣಿಕಟ್ಟನ್ನು ಅವಳೆದುರು ಹಿಡಿದರು.

"ನನ್ನಿಂದ ಆಗುದಿಲ್ಲ ಮಗ. ನೀನು ಕತ್ತರಿಸು."

"ಏನಾದರೂ ಆದರೆ ಮೇಡಂ?"

"ನಿನಗೆ ಏನೂ ಆಗಬಾರದಲ್ಲ, ಅದಕ್ಕೇ ಹೇಳುದು. ಕತ್ತರಿಸು."

ಹುಡುಗಿ ಕಣ್ಣು ಮುಚ್ಚಿ ಕತ್ತರಿಸಿದಳು. ನೂಲು ನೆಲಕ್ಕೆ ಬೀಳದ ಹಾಗೆ ಮೇಡಂ ಹಿಡಿದುಕೊಂಡರು, ಕಣ್ಣಿಗೆ ಒತ್ತಿಕೊಂಡು ನನ್ನ ಕೈಗೆ ಕೊಟ್ಟರು. ಆಮೇಲೆ ನೇರ ಹೋಗಿ ಸ್ವಿಚ್ಚಿನ ಪಕ್ಕ ನಿಂತು ಅದರ ಮೇಲೆ ಅಂಗೈ ಇಟ್ಟರು. ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋಗುತ್ತಿತ್ತು. ಒರೆಸಿಕೊಳ್ಳಲು ಕೂಡ ಅವರು ಕಣ್ಣು ಮುಚ್ಚಲಿಲ್ಲ. ಇನ್ನು ಆ ಹುಡುಗಿಗೂ ಲೇತಿಗೂ ನಡುವೆ ಈ ಹೆದರಿದ ಹೆಂಗಸು ಬಿಟ್ಟರೆ ಯಾರೂ ಇರಲಿಲ್ಲ.

"ಚಾಲು ಮಾಡು" ಎಂದರು ಮೇಡಂ.