ಹದ್ದು ಸುತ್ತಿದರೆ ಬರುವ ಕರೆ

ಬಬಲೇಶ್ವರದ ಕಾಲೇಜಿನಲ್ಲಿ ನಾನು ಕನ್ನಡ ಕಲಿಸುತ್ತೇನೆ. ಹಳೆಗನ್ನಡದ ಯುದ್ಧವರ್ಣನೆ ಬಂತೆಂದರೆ ಹದ್ದೂ ಬಂತು. ರಣರಂಗದ ಮೇಲೆ ಸುತ್ತಿ, ಬಿದ್ದ ವೀರನ ಶೌರ್ಯಕ್ಕೆ ಸಾಕ್ಷಿ ಹೇಳುತ್ತದೆ. ಅದರ ಬಳಗದ್ದೇ ಹಕ್ಕಿ, ಕೊರಳು ಬೆಳ್ಳಗಿದ್ದರೆ ಗರುಡ, ದೇವರ ವಾಹನ. ಕಂಡವರು ಕೆನ್ನೆ ಮುಟ್ಟಿಕೊಳ್ಳುತ್ತಾರೆ. ಮೇಲುಕೀಳು ಹಚ್ಚುವುದರಲ್ಲಿ ಹಕ್ಕಿಗಳನ್ನೂ ನಾವು ಬಿಟ್ಟಿಲ್ಲ ನೋಡಿ. ಇನ್ನು ಪೇಪರಿನಲ್ಲಿ ಪೊಲೀಸರು ದಿನಾ ಹದ್ದಿನ ಕಣ್ಣು ಇಟ್ಟೇ ಇರುತ್ತಾರೆ. ಇಷ್ಟನ್ನು ಬೋರ್ಡಿನ ಮೇಲೆ ಬರೆದು ಕೈ ಝಾಡಿಸಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಆ ಪದಕ್ಕಿದ್ದ ಅರ್ಥವನ್ನು ಮಾತ್ರ ಯಾವತ್ತೂ ಬರೆದಿಲ್ಲ.

ನಾವೀಗ ಬೌದ್ಧರು. ಅಪ್ಪ ಹುಟ್ಟಿದ್ದು ತಿಕೋಟಾ ಹತ್ತಿರದ ಹಳ್ಳಿಯೊಂದರ ಹೊರಗಿನ ಕೇರಿಯಲ್ಲಿ. ಊರಲ್ಲಿ ಎತ್ತು, ಎಮ್ಮೆ ಸತ್ತರೆ ಎಳೆದೊಯ್ಯುವುದು ನಮ್ಮ ಮನೆತನದ ಪಾಲಿಗೆ ಬಂದ ಕೆಲಸ. ಹೊಲದ ಮೇಲೆ ಹದ್ದು ಸುತ್ತತೊಡಗಿದರೆ ಅಪ್ಪ ಉಣ್ಣುವ ಗಂಗಾಳ ಸರಿಸಿ ಹಗ್ಗ ಹುಡುಕುತ್ತಿದ್ದ. ಇನ್ನೇನು ಗೌಡರ ಆಳು ಬಾಗಿಲಿಗೆ ಬರುತ್ತಾನೆಂದು ಅವನಿಗೆ ಗೊತ್ತು.

ಅಪ್ಪನ ತಾಯಿ ಸತ್ತ ದಿನವೂ ಆ ಆಳು ಬಂದ. ಇದನ್ನು ನನಗೆ ಹೇಳಿದವಳು ಅವ್ವ. ಹೆಣ ಅಂಗಳದಲ್ಲಿತ್ತು, ಇನ್ನೂ ಮೈ ತೊಳೆದಿರಲಿಲ್ಲ. ಅವನು ದೂರದಲ್ಲೇ ನಿಂತು ಕೂಗಿದ.

"ಹದ್ದು ಹಾರಾಕತ್ತಾವ, ಕಣ್ಣ ಕಾಣಂಗಿಲ್ಲೇನಲೇ? ಎಮ್ಮಿ ನಾರಾಕತ್ತೈತಿ, ಲಗೂನ ಬಾ."

ಅಪ್ಪ ಸತ್ತ ತಾಯಿಯ ಮುಖ ನೋಡಿದ. "ಬಂದೆರಿ" ಅಂದ. ಸಂಜೆ ಅವನು ಮರಳುವವರೆಗೆ ಹೆಣ ಅಂಗಳದಲ್ಲೇ ಕಾಯಿತು. ಅವ್ವ ಈ ಮಾತು ತೆಗೆದಾಗಲೆಲ್ಲ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ.

ಆಮೇಲೆ ಅವರು ಹಳ್ಳಿ ಬಿಟ್ಟು ವಿಜಯಪುರಕ್ಕೆ ಬಂದರು. ಅಪ್ಪ ಗಾಂಧಿ ಚೌಕದಲ್ಲಿ ಹಮಾಲಿ ಮಾಡಿದ, ಇಬ್ರಾಹಿಂಪುರದಲ್ಲಿ ಎರಡು ಖೋಲಿ ಕಟ್ಟಿದ, ಮಗಳಾದ ನನ್ನನ್ನು ಓದಿಸಿದ. ಹದ್ದು ಎಂಬ ಪದ ಅವನ ಬಾಯಲ್ಲಿ ನಾನು ಕೇಳಿರಲಿಲ್ಲ.

ಅವ್ವ ತೀರಿಕೊಂಡ ಮೇಲೆ ಅಪ್ಪನಿಗೆ ಮರೆವಿನ ರೋಗ ಬಂತು. ನಮ್ಮ ಮನೆಯ ಹಿಂದೆ ರೈಲು ಹಳಿ. ಅಲ್ಲಿ ಊರಿನ ಕಸವೆಲ್ಲ ಬೀಳುತ್ತದೆ, ಮೇಲೆ ದಿನವಿಡೀ ಹದ್ದುಗಳು. ಕಿಟಕಿಯಿಂದ ಅವು ಕಂಡ ಕೂಡಲೇ ಅಪ್ಪ ಎದ್ದು ಕೂಡುತ್ತಿದ್ದ.

"ಹಗ್ಗ ಎಲ್ಲೈತಿ ಯವ್ವಾ? ಕರಿಯಾಕ ಬಂದಾರೇನ ನೋಡು."

"ಯಾರೂ ಬಂದಿಲ್ಲಪ್ಪಾ. ನಾವು ಇಬ್ರಾಹಿಂಪುರದಾಗ ಅದೀವಿ."

"ಬರ್ತಾರ."

ಪರದೆ ಹಾಕಿದೆ. ಸರಿಸಿ ನೋಡಿದ. ಕಟ್ಟಿದ ಮನೆ, ಹೊತ್ತ ಚೀಲ, ನನ್ನ ನೌಕರಿ, ಯಾವುದೂ ಅವನ ತಲೆಯಲ್ಲಿ ಉಳಿದಿರಲಿಲ್ಲ. ಆ ಕರೆಯೊಂದು ಉಳಿದಿತ್ತು. ರೋಗಕ್ಕೂ ಜಾತಿ ಗೊತ್ತಿದೆಯೇನೋ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಲ್ಲವನ್ನೂ ಕಿತ್ತುಕೊಂಡಿದ್ದು ಇದನ್ನೊಂದು ಕಿತ್ತುಕೊಳ್ಳಬಾರದಿತ್ತೇ? ಹಗ್ಗ ಹುಡುಕುತ್ತಲೇ ಅಪ್ಪ ಸಾಯುತ್ತಾನೆಂಬ ಹೆದರಿಕೆಯಲ್ಲಿ ನಾನು ದಿನ ದೂಡಿದೆ.

ಕೊನೆಕೊನೆಗೆ ನೀರೂ ಗಂಟಲಲ್ಲಿ ಇಳಿಯದಾಯಿತು. ಒಂದು ಮಧ್ಯಾಹ್ನ ಅವನ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಿದ್ದೆ. ಹೊರಗೆ ಹದ್ದುಗಳು ಸುತ್ತುತ್ತಿದ್ದವು. ಅಪ್ಪ ಕಿಟಕಿಯತ್ತ ನೋಡಿದ, ಏಳಲು ಹೋಗಲಿಲ್ಲ.

"ಬಂದಾರೇನು?"

ಇಲ್ಲ, ಇಲ್ಲ ಎಂದು ಹೇಳಿ ಸಾಕಾಗಿತ್ತು. "ಹೂಂ, ಬಾಗಲದಾಗ ನಿಂತಾರ" ಅಂದುಬಿಟ್ಟೆ.

ಅಪ್ಪ ನನ್ನ ಮುಂಗೈ ಹಿಡಿದ. ಆ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ.

"ನಾ ಬರಂಗಿಲ್ಲ ಅಂತ ಹೇಳು. ನಮ್ಮವ್ವ ಸತ್ತಾಳ, ಮಣ್ಣ ಮಾಡಬೇಕು."

ನಾನು ಎದ್ದು ಹೋಗಿ ಬಾಗಿಲು ತೆರೆದೆ. ಬಿಸಿಲಿಗೆ ಓಣಿ ಖಾಲಿ ಬಿದ್ದಿತ್ತು. ಒಳಗೆ ಮಲಗಿದವನಿಗೆ ಕೇಳುವ ಹಾಗೆ, ಗಂಟಲು ಹರಿಯುವ ಹಾಗೆ ಕೂಗಿದೆ.

"ನಮ್ಮಪ್ಪ ಬರಂಗಿಲ್ಲ, ಹೋಗಲೇ!"