ಒಂದು ಸೀಟು ಖಾಲಿ ಬಿಡುವ ಪರಸಪ್ಪ

ಎಲ್ಲಮ್ಮನ ಗುಡ್ಡದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಉಗರಗೋಳದ ಕಡೆಯ ಇಳಿಜಾರಿನಲ್ಲಿ ನಿಂತ ಕಬ್ಬಿಣದ ಕಂಬಕ್ಕೆ ಪರಸಪ್ಪ ಏಣಿ ಆನಿಸುತ್ತಾರೆ. ಐವತ್ತೆರಡರ ಮೊಣಕಾಲು ಮೆಟ್ಟಿಲು ಮೆಟ್ಟಿಲಿಗೂ ತಕರಾರು ತೆಗೆಯುತ್ತದೆ. ಮೇಲೇರಿ ಡಿಶ್ಶಿನ ಧೂಳು ಒರೆಸಿ, ಮಂಗಗಳು ಎಳೆದಾಡಿದ ವಯರು ಬಿಗಿದು, ಕೆಳಗಿಳಿದು ಮೊಬೈಲ್ ತೆಗೆಯುತ್ತಾರೆ. ಮನೋಳಿ ದಾರಿಯ ಹಳ್ಳಿಯೊಂದರ ಆರೋಗ್ಯ ಕೇಂದ್ರಕ್ಕೆ ಸಣ್ಣದೊಂದು ಸಂದೇಶ ಹೋಗಿ ತಿರುಗಿ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಅದು ತೋರಿಸುತ್ತದೆ. ಹದಿನೆಂಟು ಮಿಲಿಸೆಕೆಂಡ್. ಕಣ್ಣು ಮುಚ್ಚಿ ತೆರೆಯುವುದರೊಳಗೆ ಹತ್ತು ಸಲ ಹೋಗಿ ಬರುವಷ್ಟು ವೇಗ. ಈ ಅಂಕಿ ಕಂಡ ಮೇಲೆಯೇ ಅವರು ಚಹಾ ಕುಡಿಯುವುದು.

ಸವದತ್ತಿಯ ಸುಭಾಸ ಎಂಬವರ ಪುಟ್ಟ ಇಂಟರ್‌ನೆಟ್ ಕಂಪನಿಯಲ್ಲಿ ಪರಸಪ್ಪ ಕಂಬ ಹತ್ತುವ ಕೆಲಸಗಾರ. ಹನ್ನೊಂದು ಕಂಬ, ಒಂಬತ್ತು ಹಳ್ಳಿ, ಆರುನೂರು ಚಿಲ್ಲರೆ ಮನೆ. ತಂತಿಯಿಲ್ಲದೆ ಕಂಬದಿಂದ ಕಂಬಕ್ಕೆ ಗಾಳಿಯಲ್ಲೇ ನೆಟ್ ಹಾಯುತ್ತದೆ. ಅದು ಬಂದರೆ ಕಂಪನಿಗೆ ಹೆಸರು, ಹೋದರೆ ಪರಸಪ್ಪನಿಗೆ ಬೈಗುಳ. ಇದಕ್ಕೂ ಮುಂಚೆ ಹದಿನಾರು ವರ್ಷ ಸವದತ್ತಿಯಿಂದ ಉಗರಗೋಳಕ್ಕೆ ಮಂದಿ ಹೊರುವ ಟಂಟಂ ಆಟೊ ಓಡಿಸಿದವರು ಇವರು.

"ಟಂಟಂ ಅಂದ್ರ ತುಂಬೂ ತನಕಾ ಬಿಡೂದಲ್ರಿ," ಎನ್ನುತ್ತಾರೆ. "ಎಂಟ ಮಂದಿ ಕುಂತಿದ್ರೂ ಇನ್ನಿಬ್ಬರು ಬರ್ಲಿ ಅಂತ ಒದರತಿದ್ದೆ. ಮೊದಲ ಬಂದ ಕುಂತಾಂವ ಅರ್ಧಾ ತಾಸ ಒಣಗತಿದ್ದ. ಆದ್ರ ಒಂದ ಟ್ರಿಪ್ಪಿಗೆ ಮಂದಿ ಹೆಚ್ಚ ಹೋಗತಿದ್ರು."

ಕಂಬದ ಮೇಲೆ ನೆಟ್ ಹಂಚುವ ಪೆಟ್ಟಿಗೆಯ ಕಥೆಯೂ ಇದೇ. ಮಾಹಿತಿಯ ತುಣುಕುಗಳನ್ನು ದೊಡ್ಡ ಗಂಟು ಕಟ್ಟಿ, ಸಾಲು ಉದ್ದ ಮಾಡಿ ಕಳಿಸಿದರೆ ಒಟ್ಟು ಸಾಗುವುದು ಹೆಚ್ಚು. ಆದರೆ ಪ್ರತಿ ತುಣುಕೂ ಕಾಯಬೇಕು. ಸಣ್ಣ ಗಂಟಾದರೆ ತಕ್ಷಣ ಹೊರಡುತ್ತದೆ, ಒಟ್ಟು ಸಾಗುವುದು ಕಡಿಮೆ. ಎರಡೂ ಒಟ್ಟಿಗೆ ಸಿಗುವುದಿಲ್ಲ, ತೂಗಿಸಬೇಕು.

ಮೂರು ವರ್ಷದ ಹಿಂದಿನ ಭಾರತ ಹುಣ್ಣಿಮೆಯ ಜಾತ್ರೆ. ಗುಡ್ಡದ ತುಂಬ ಜನ. ಒಲೆ ಹೂಡಿ ಹೋಳಿಗೆ, ಕಡಬು ಮಾಡಿ ದೇವಿಯ ಪರಡಿ ಬುಟ್ಟಿಗೆ ಎಡೆ ತುಂಬುವವರೆಲ್ಲ ಅದನ್ನು ಊರಲ್ಲಿ ಉಳಿದವರಿಗೆ ವಿಡಿಯೊದಲ್ಲಿ ತೋರಿಸಲು ಹೊರಟರು. ಮೊಬೈಲ್ ಸಿಗ್ನಲ್ ಕೈಕೊಟ್ಟಿತು. ಅಂಗಡಿಕಾರರು ಮಂದಿಗೆ ಹಂಚುವ ಸುಭಾಸರ ವೈಫೈ ಮೇಲೆಯೇ ಎಲ್ಲ ಭಾರ ಬಿತ್ತು. ವಿಡಿಯೊ ಹೋಗುತ್ತಿಲ್ಲವೆಂದು ಬೈಗುಳ ಸುರುವಾದಾಗ ಪರಸಪ್ಪನ ಕೈ ಹಳೆಯ ರೂಢಿಯಂತೆ ಓಡಿತು. ಗಂಟು ದೊಡ್ಡದು ಮಾಡಿದರು, ಸಾಲು ಉದ್ದ ಮಾಡಿದರು, ಗಾಡಿ ತುಂಬಿಸಿದರು. ವಿಡಿಯೊಗಳು ಹೋದವು. ಸುಭಾಸ ಫೋನು ಮಾಡಿ ಶಾಬಾಸ್ ಎಂದರು.

ಅದೇ ಮುಂಜಾನೆ ಮನೋಳಿ ದಾರಿಯ ಆ ಹಳ್ಳಿಯಲ್ಲಿ ಪರಸಪ್ಪನ ಅಕ್ಕ ಮಾಯವ್ವನಿಗೆ ಎದೆನೋವು ಬಂದಿತು. ತಾಯಿ ತೀರಿದ ಮೇಲೆ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಆರೋಗ್ಯ ಕೇಂದ್ರದ ನರ್ಸ್ ಉಮಾಶ್ರೀ ಹೃದಯದ ಬಡಿತದ ಚಿತ್ರ ತೆಗೆದು ಪಟ್ಟಣದ ವೈದ್ಯರಿಗೆ ಕಳಿಸಿದರು. ಅಂಗೈಯಗಲದ ಚಿತ್ರ. ಅದು ಗುಡ್ಡದ ಕಂಬದಲ್ಲಿ ಹೋಳಿಗೆ, ಕಡಬುಗಳ ಹಿಂದೆ ನಿಂತಿತು.

"ಡಾಕ್ಟರ್ ದನಿ ತುಂಡ ತುಂಡ ಬರತಿತ್ತು," ಉಮಾಶ್ರೀ ನೆನೆಯುತ್ತಾರೆ. "ಯಾವ ಗುಳಿಗಿ ಕೊಡ್ಲಿ ಅಂತ ನಾಕ ಸಲ ಕೇಳಿದ್ನಿ. ಉತ್ತರ ಬರೂದ್ರಾಗ ಇಪ್ಪತ್ತ ನಿಮಿಷ ಹೋತು. ಮಾಯವ್ವ ನನ್ನ ಕೈ ಹಿಡದಿದ್ಲು. ಹಿಡದಾಂಗ ಜೀವಾ ಬಿಟ್ಲು."

ಬೇಗ ಉತ್ತರ ಬಂದಿದ್ದರೂ ಉಳಿಯುತ್ತಿದ್ದಳೆಂದು ಹೇಳಲಾಗದು ಎಂದರು ವೈದ್ಯರು. ಪರಸಪ್ಪನ ಮೇಲೆ ಯಾರೂ ಬೊಟ್ಟು ಮಾಡಲಿಲ್ಲ. ಪೆಟ್ಟಿಗೆಯಲ್ಲಿ ಅವರೇನು ಮಾಡಿದ್ದರೆಂದು ಯಾರಿಗಾದರೂ ಗೊತ್ತಾಗಬೇಕಲ್ಲ! ಮಣ್ಣು ಮಾಡಿ ಬಂದ ಮರುದಿನ ಅವರೇ ಅಕ್ಕನ ಮಕ್ಕಳನ್ನು ಕೂಡಿಸಿ ಎಲ್ಲವನ್ನೂ ಹೇಳಿದರು. ಹಿರಿಯ ಮಗ ಇಂದಿಗೂ ಮಾತು ಬಿಟ್ಟಿದ್ದಾನೆ. "ಅವಂದ ತಪ್ಪಿಲ್ರಿ," ಎನ್ನುತ್ತಾರೆ ಪರಸಪ್ಪ. "ತುಂಬಿದ ಗಾಡ್ಯಾಗ ನಮ್ಮ ಅಕ್ಕಗ ಜಾಗಾ ಸಿಗಲಿಲ್ಲ. ಗಾಡಿ ತುಂಬಿಸಿದಾಂವ ನಾನ."

ಅಂದಿನಿಂದ ಗಂಟು ಚಿಕ್ಕದು, ಸಾಲು ಗಿಡ್ಡ. ಆರೋಗ್ಯ ಕೇಂದ್ರದ ಪಾಲಿಗೆ ಒಂದು ಜಾಗ ಯಾವಾಗಲೂ ಖಾಲಿ. ಅಲ್ಲಿಂದ ಬಂದದ್ದು ಸಾಲಿನಲ್ಲಿ ನಿಲ್ಲುವಂತಿಲ್ಲ. ಇದರಿಂದ ಒಟ್ಟು ವೇಗ ಐದರಲ್ಲಿ ಒಂದು ಪಾಲು ಇಳಿದಿದೆ. ಗುಡ್ಡದ ಅಂಗಡಿಕಾರರು ಮುಖ ಗಂಟಿಕ್ಕುತ್ತಾರೆ. ಈ ಸಲದ ಹುಣ್ಣಿಮೆಗೆ ಆ ಖಾಲಿ ಜಾಗವನ್ನೂ ಎಲ್ಲರಿಗೂ ತೆರೆದುಬಿಡು, ನಾಲ್ಕೇ ದಿನದ ಮಾತು ಎಂದು ಸುಭಾಸ ಹಟ ಹಿಡಿದಿದ್ದರಂತೆ. ಪರಸಪ್ಪ ಜಗಳವಾಡಲಿಲ್ಲ. ಪೆಟ್ಟಿಗೆಯ ಕೀಲಿಕೈ ಅವರ ಮೇಜಿನ ಮೇಲಿಟ್ಟರು.

"ಬ್ಯಾರೆ ಮನಷ್ಯಾನ ಹತ್ತಸ್ರಿ ಸಾವಕಾರ್ರ, ನನ್ನ ಕೈಲೆ ಆಗೂದಿಲ್ಲ ಅಂದ್ನಿ. ಅವರು ಕೀಲಿ ತಿರುಗಿ ನನ್ನ ಕಡೇನ ಸರಿಸಿದ್ರು."

ಬಿಸಿಲು ಏರುತ್ತಿದೆ. ಕೆಳಗೆ ರಸ್ತೆಯಲ್ಲಿ ಟಂಟಂ ಒಂದು ಇನ್ನಿಬ್ಬರಿಗಾಗಿ ಕಾಯುತ್ತ ನಿಂತಿದೆ. ಪರಸಪ್ಪ ಏಣಿಯನ್ನು ಹೆಗಲಿಗೇರಿಸುತ್ತಾರೆ. ದೇವಿಯ ಬಳಿ ಏನು ಬೇಡಿಕೊಳ್ಳುತ್ತೀರಿ ಎಂದರೆ ಗುಡಿಯ ಕಡೆ ನೋಡುತ್ತಾರೆ.

"ಹದಿನಾರ ವರ್ಷ ಸೀಟ ತುಂಬಲಿ ಅಂತ ಕೈ ಮುಗದೇನಿ. ಈಗ ಈ ಒಂದ ಸೀಟ ಯಾವತ್ತೂ ತುಂಬಬಾರದು ಅಂತ ಬೇಡಕೋತೇನ್ರಿ."