ಕಾಗೆಬಂಗಾರದ ಮೇಡಂ

ಹಾಸನದ ಕಾಲೇಜಿನಲ್ಲಿ ನಮಗೆ ಫಿಸಿಕ್ಸ್ ಕಲಿಸಿದ ಮೇಡಂ ಪಾಠ ಶುರು ಮಾಡುವಾಗಲೂ ಜಗಳಕ್ಕೆ ನಿಂತವರಂತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಹೊಳೆನರಸೀಪುರದ ಕಡೆಯ ತಮ್ಮೂರಿನಿಂದ ತಂದ ಕಾಗೆಬಂಗಾರದ, ಅಂದರೆ ಅಭ್ರಕದ ಕಲ್ಲಿನ, ತುಂಡಿಗೆ ಟೇಪು ಒತ್ತಿ, ಎಳೆದು, ಮತ್ತೆ ಒತ್ತಿ, ಕೂದಲಿಗಿಂತ ಎಷ್ಟೋ ತೆಳುವಾದ ಪದರ ಬಿಡಿಸುತ್ತಿದ್ದರು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಆ ಪದರ ತನ್ನೊಳಗೇ ಹಿಡಿದು ಹರಿಸುತ್ತದಂತೆ. ಪಕ್ಕದಲ್ಲಿ ನಿಂತವರಿಗೆಲ್ಲ ಅವರದು ಒಂದೇ ಗದರಿಕೆ: "ಉಸ್ರು ಹಿಡ್ಕೊಳ್ರೋ, ಹಾರೋಯ್ತದೆ."

ಒಂದು ಆಯುಧಪೂಜೆಗೆ ಪ್ರಿನ್ಸಿಪಾಲರು ಲ್ಯಾಬಿಗೆ ಬಂದು ಮೈಕ್ರೋಸ್ಕೋಪಿಗೆ ಹೂ ಮುಡಿಸಿದರು. ಭಕ್ತಿ ಉಕ್ಕಿ, ಅದರಡಿ ಇಟ್ಟಿದ್ದ ಪದರಕ್ಕೂ ಅರಿಶಿನ ಕುಂಕುಮ ಒತ್ತಿಬಿಟ್ಟರು.

ಮೇಡಂ ಮುಖ ಕೆಂಡವಾಯಿತು. "ಬೇಸ್ಗೆಯೆಲ್ಲಾ ಕೂತು ಬಿಡ್ಸಿದ್ದು ಸಾರ್ ಅದು."

"ಕಾಗೆಬಂಗಾರ ತಾನೇನಮ್ಮಾ? ನಿಮ್ಮೂರಲ್ಲಿ ಹೊಲದ್ ತುಂಬಾ ಬಿದ್ದೈತೆ. ಇನ್ನೊಂದು ಕಿತ್ಕೊಂಡ್ರಾಯ್ತು."

ಮೇಡಂ ಸ್ಟೂಲು ಎಳೆದು, ಅದರ ಮುಂದೆ ಕಲ್ಲು, ಟೇಪು, ಚಿಮಟ ಇಟ್ಟರು. "ಕಿತ್ಕೊಡಿ."

ಪ್ರಿನ್ಸಿಪಾಲರು ನಕ್ಕರು. ಮೇಡಂ ನಗಲಿಲ್ಲ, ಹೋಗಿ ಬಾಗಿಲಿಗೆ ಅಡ್ಡ ನಿಂತರು. ಬೂದುಗುಂಬಳಕಾಯಿ ಹಿಡಿದ ಅಟೆಂಡರ್ ಹೊರಗೇ ಉಳಿದ. ಪ್ರಿನ್ಸಿಪಾಲರು ಬೆವರುತ್ತ ಎಳೆದದ್ದೆಲ್ಲ ಈರುಳ್ಳಿ ಸಿಪ್ಪೆಯಷ್ಟು ದಪ್ಪ ಬಂತು. ಕೊನೆಗೆ ಒಂದು ಮಾತ್ರ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಬಿಟ್ಟುಕೊಂಡಿತು. ಅವರು ಅದನ್ನು ಚಿಮಟದಲ್ಲಿ ಎತ್ತಿ ಹಿಡಿದು, "ಬಂತು ನೋಡಮ್ಮಾ" ಎಂದರು. ಆ ಮಾತಿನ ಗಾಳಿಗೇ ಅದು ಹಾರಿಹೋಯಿತು.

ಮೇಡಂ ಬಾಗಿಲು ಬಿಟ್ಟು ಬಂದು, ಇನ್ನೊಂದು ತುಂಡು ಟೇಪು ಹರಿದು ಅವರ ಕೈಗೆ ಕೊಟ್ಟರು.

"ಬೇಸ್ಗೆ ಇನ್ನೂ ದೂರ ಐತೆ ಸಾರ್. ಕೂತ್ಕೊಳ್ಳಿ."